ನೆಟ್‌ವರ್ಕ್ ಕಡಿಮೆ ಇದ್ದರೂ ಹೊರದೇಶದ ಶಾಲೆಯೊಂದಿಗೆ ನಿಮ್ಮ ಶಾಲೆಯನ್ನು ಜೋಡಿಸುವ ಬಗೆ

"ನಮ್ಮ ಶಾಲೆಯ ಮಕ್ಕಳನ್ನೂ ಬೇರೆ ದೇಶದ ಮಕ್ಕಳ ಜೊತೆ ಮಾತಾಡಿಸಬೇಕು, ಎಲ್ಲಿಂದ ಶುರು ಮಾಡಲಿ?" ಸರ್ಕಾರಿ ಶಾಲೆಯ ಶಿಕ್ಷಕರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆ ಇರುತ್ತವೆ. "ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಆದೀತಾ?" "ಮಕ್ಕಳಿಗೆ ಇಂಗ್ಲಿಷ್ ಬರಲ್ಲ, ಆದೀತಾ?" ಎರಡೂ ಆಗುತ್ತದೆ. ಆದರೆ ಬಹಳ ಜನ ಮೊದಲ ದಿನವೇ ವಿಡಿಯೊ ಕರೆ ಇಟ್ಟುಕೊಳ್ಳುತ್ತಾರೆ. ಚಿತ್ರ ನಿಂತುಹೋಗುತ್ತದೆ, ಧ್ವನಿ ಒಡೆಯುತ್ತದೆ, ಮಕ್ಕಳು "ಹಲೋ, ಹಲೋ" ಅಂತ ಕೈಬೀಸಿ ಎದ್ದು ಹೋಗುತ್ತಾರೆ. ಸಂಬಂಧ ಅಲ್ಲಿಗೇ ಮುಗಿಯುತ್ತದೆ. ವಿಡಿಯೊ ಕರೆ ಈ ಕೆಲಸದ ಕೊನೆಯ ಹಂತ. ಅದಕ್ಕೆ ಮುಂಚೆ ಮಾಡಬೇಕಾದದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಉದಾಹರಣೆಗೆ ನೇಪಾಳ ಮತ್ತು ಕೀನ್ಯಾ ಎರಡನ್ನೇ ಇಟ್ಟುಕೊಳ್ಳುತ್ತೇನೆ. ಶ್ರೀಮಂತ ದೇಶದ ಶಾಲೆಗಿಂತ ನಮ್ಮಂಥದೇ ದೇಶದ ಶಾಲೆ ಮೊದಲ ಜೊತೆಗೆ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲೂ ಕರೆಂಟ್ ಹೋಗುತ್ತದೆ, ಅಲ್ಲೂ ಒಂದು ಕೋಣೆಯಲ್ಲಿ ಎರಡು ತರಗತಿ ನಡೆಯುತ್ತವೆ, ಅಲ್ಲೂ ಮಕ್ಕಳು ಸುಗ್ಗಿ ಕಾಲದಲ್ಲಿ ಹೊಲಕ್ಕೆ ಹೋಗುತ್ತಾರೆ. ಯಾರೂ ಯಾರಿಗೂ ದಾನ ಮಾಡುವ ಸ್ಥಾನದಲ್ಲಿ ಇರುವುದಿಲ್ಲ, ಹಾಗಾಗಿ ಮಕ್ಕಳ ಮಾತು ಸಲೀಸಾಗಿ ಹರಿಯುತ್ತದೆ.

2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬರುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಅಲ್ಲಿ ಪಾಠ ಒಂದು ಕಡೆಯಿಂದ ಬರುತ್ತಿತ್ತು, ಮಕ್ಕಳು ಕೂತು ನೋಡುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಎರಡೂ ಕಡೆಯ ಮಕ್ಕಳು ಕೇಳಿ, ಹೇಳಿ, ಅಳೆದು, ಬರೆದು ಮಾಡುವ ಕೆಲಸ.

ಹಂತ 1: ನಿಮ್ಮ ಶಾಲೆಯಲ್ಲಿ ನಿಜಕ್ಕೂ ಏನಿದೆ ಎಂದು ಅಳೆಯಿರಿ

ಒಂದು ಸ್ಮಾರ್ಟ್‌ಫೋನ್, ಒಂದು ಇಮೇಲ್ ಖಾತೆ, ವಾರಕ್ಕೆ ಒಮ್ಮೆಯಾದರೂ ಸಿಗುವ ನೆಟ್. ಶುರು ಮಾಡಲು ಇಷ್ಟು ಸಾಕು. ನೆಟ್ ಶಾಲೆಯೊಳಗೇ ಸಿಗಬೇಕೆಂದೂ ಇಲ್ಲ. ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಸಿಗ್ನಲ್ ಇಲ್ಲ, ಆದರೆ ಶಿಕ್ಷಕರು ಸಂಜೆ ಪೇಟೆಗೆ ಇಳಿದಾಗ ಸಿಗುತ್ತದೆ. ಹಗಲು ಮಕ್ಕಳು ಮಾಡಿದ ಕೆಲಸವನ್ನು ಫೋನಿನಲ್ಲಿ ತುಂಬಿಕೊಂಡು ಸಂಜೆ ಕಳುಹಿಸಿ, ಬಂದದ್ದನ್ನು ಮರುದಿನ ಮಕ್ಕಳಿಗೆ ತೋರಿಸಿದರೆ ಕೆಲಸ ನಡೆಯುತ್ತದೆ.

ಶಾಲೆಯಲ್ಲಿ ನೆಟ್ ಇದ್ದರೆ ಅದರ ವೇಗ ನೋಡಿ. ಸ್ಪೀಡ್‌ಟೆಸ್ಟ್ ಆ್ಯಪ್ ಎರಡು ಅಂಕಿ ತೋರಿಸುತ್ತದೆ. ಡೌನ್‌ಲೋಡ್ ಅಂದರೆ ನಿಮ್ಮ ಕಡೆಗೆ ಬರುವ ವೇಗ, ಅಪ್‌ಲೋಡ್ ಅಂದರೆ ನಿಮ್ಮಿಂದ ಹೊರಡುವ ವೇಗ. ಎರಡನ್ನೂ ಎಂಬಿಪಿಎಸ್ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಹರಿಯುತ್ತದೆ ಎಂದು. 8 ಮೆಗಾಬಿಟ್ ಸೇರಿದರೆ ನಾವು ಎಂಬಿ ಅನ್ನುವ 1 ಮೆಗಾಬೈಟ್. ಎಲ್ಲರೂ ಡೌನ್‌ಲೋಡ್ ಅಂಕಿ ನೋಡಿ ಖುಷಿಪಡುತ್ತಾರೆ. ಶಾಲೆ ಜೋಡಿಸುವವರು ನೋಡಬೇಕಾದದ್ದು ಅಪ್‌ಲೋಡ್ ಅಂಕಿ. ನಿಮ್ಮ ಮಕ್ಕಳ ಮುಖ, ಮಾತು ಆ ಕಡೆ ತಲುಪುವುದು ಅದರಿಂದಲೇ. ಅಪ್‌ಲೋಡ್ 1 ಎಂಬಿಪಿಎಸ್‌ಗಿಂತ ಕಡಿಮೆ ಇದ್ದರೆ ವಿಡಿಯೊ ಕರೆಯ ಆಸೆ ಸದ್ಯಕ್ಕೆ ಬಿಡಿ, ಧ್ವನಿ ಮತ್ತು ಚಿತ್ರದಲ್ಲಿ ಕೆಲಸ ಮಾಡಿ.

ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಮಕ್ಕಳು ಕೂರುವ ಅದೇ ಕೋಣೆಯಲ್ಲಿ, ಶಾಲೆಯ ವೇಳೆಯಲ್ಲಿ, ಬೇರೆ ಬೇರೆ ದಿನ ಮಾಡಿ ಬರೆದಿಡಿ. ತಾರಸಿಯ ಮೇಲೆ ಸಿಗುವ ಸಿಗ್ನಲ್ ಕೋಣೆಯೊಳಗೆ ಸಿಗದೆ ಇರಬಹುದು. ಹಾಗಿದ್ದರೆ ಸಿಮ್ ಹಾಕುವ ರೂಟರನ್ನು ಕಿಟಕಿಯ ಬಳಿ ಎತ್ತರದಲ್ಲಿ ಇಟ್ಟು ನೋಡಿ.

ಕೇಬಲ್ ಸಂಪರ್ಕ ಬೇಕೆಂದರೆ ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ. 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ ಈಗ ಭಾರತ್‌ನೆಟ್ ಎಂದು ಕರೆಯಲಾಗುವ ಯೋಜನೆಯ ಫೈಬರ್ ಬರುವುದು ಪಂಚಾಯಿತಿಗಳಿಗೆ. ಫೈಬರ್ ಅಂದರೆ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಗಾಜಿನ ಎಳೆಯ ತಂತಿ. ಗ್ರಾಮೀಣ ಭಾಗದ ಎಲ್ಲ ಸರ್ಕಾರಿ ಪ್ರೌಢಶಾಲೆಗಳಿಗೂ ಇದೇ ಯೋಜನೆಯಲ್ಲಿ ಬ್ರಾಡ್‌ಬ್ಯಾಂಡ್ ಕೊಡುವುದಾಗಿ 2025–26ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿದೆ. ನಿಮ್ಮ ಪಂಚಾಯಿತಿಯ ಫೈಬರಿನಲ್ಲಿ ನೆಟ್ ನಿಜವಾಗಿ ಬರುತ್ತಿದೆಯೇ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಕೇಬಲ್ ಬಂದಿರುವುದು ಬೇರೆ, ಅದರಲ್ಲಿ ನೆಟ್ ಬರುವುದು ಬೇರೆ. ಶಾಲೆಯವರೆಗೆ ಎಳೆಯುವುದು ಸದ್ಯಕ್ಕೆ ಆಗದಿದ್ದರೆ ಪಂಚಾಯಿತಿ ಗ್ರಂಥಾಲಯದ, ಅಂದರೆ ಅರಿವು ಕೇಂದ್ರದ, ಕಂಪ್ಯೂಟರ್ ಬಳಸಲು ಅನುಮತಿ ಕೇಳಿ. ಹತ್ತು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬರುವುದು ಕಷ್ಟವಲ್ಲ.

ಫೈಬರೂ ಇಲ್ಲ, ಟವರೂ ಇಲ್ಲ ಎನ್ನುವವರು ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಎಂಬ ಬೆಟ್ಟದೂರಿನ ಬಗ್ಗೆ ತಿಳಿದುಕೊಳ್ಳಬೇಕು. ಅಲ್ಲಿನ ಶಿಕ್ಷಕ ಮಹಾಬೀರ್ ಪುನ್ ಊರವರನ್ನು ಸೇರಿಸಿಕೊಂಡು ಮರದ ಮೇಲೆ, ಗುಡ್ಡದ ನೆತ್ತಿಯಲ್ಲಿ ಆಂಟೆನಾ ಕಟ್ಟಿ, ಪೋಖರಾ ನಗರದಿಂದ ವೈ-ಫೈ ಅಲೆಗಳನ್ನು ಗುಡ್ಡದಿಂದ ಗುಡ್ಡಕ್ಕೆ ಹಾಯಿಸಿ ಹಳ್ಳಿಯ ಶಾಲೆಗೆ ಇಂಟರ್ನೆಟ್ ತಂದರು. ಆ ಕೆಲಸಕ್ಕೆ 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎರಡು ತುದಿ ಒಂದಕ್ಕೊಂದು ನೇರವಾಗಿ ಕಾಣುವಂತಿದ್ದರೆ ಹತ್ತಾರು ಕಿಲೋಮೀಟರ್ ದೂರಕ್ಕೂ ಹೀಗೆ ಸಂಪರ್ಕ ಒಯ್ಯಬಹುದು. ನಿಮ್ಮ ಊರಿಗೆ ಇದು ಒಗ್ಗುತ್ತದೆಯೇ ಎಂದು ತಾಲ್ಲೂಕಿನಲ್ಲಿ ಇಂಟರ್ನೆಟ್ ಕೊಡುವವರ ಜೊತೆ ಕೂತು ಮಾತಾಡಿ. ಪರವಾನಗಿ ಅವರ ಹತ್ತಿರ ಇರುತ್ತದೆ, ನೀವೇ ಉಪಕರಣ ಕೊಂಡು ಹಂಚಲು ಹೋಗಬೇಡಿ.

ಇನ್ನು ಕರೆಂಟ್. ರೂಟರ್‌ಗೆ ತಿನ್ನಲು ಬೇಕಾದ ವಿದ್ಯುತ್ ಬಹಳ ಕಡಿಮೆ, ಹೆಚ್ಚಿನವು 12 ವೋಲ್ಟ್‌ನಲ್ಲಿ ನಡೆಯುತ್ತವೆ. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ತಂದಿಟ್ಟರೆ ಕರೆಂಟ್ ಹೋದಾಗ ನೆಟ್ ಕಡಿಯುವುದಿಲ್ಲ. ಗುಡುಗು ಮಳೆ ಬಂದಾಗ ರೂಟರಿನ ಪ್ಲಗ್ ಕಿತ್ತಿಡುವ ಜವಾಬ್ದಾರಿಯನ್ನು ಒಬ್ಬ ದೊಡ್ಡವರಿಗೇ ಒಪ್ಪಿಸಿ. ಅದು ಮಕ್ಕಳ ಕೆಲಸವಲ್ಲ.

ಹಂತ 2: ಅನುಮತಿ ಮತ್ತು ಒಪ್ಪಿಗೆ ಕಾಗದದಲ್ಲೇ ಇರಲಿ

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಈ ಕ್ರಮದಲ್ಲಿ ಹೋಗಿ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾವ ದೇಶ, ಯಾವ ಶಾಲೆ, ಯಾವ ತರಗತಿ, ಯಾವ ಪಾಠ, ಎಷ್ಟು ತಿಂಗಳು ಎಂದು ಒಂದು ಪುಟದಲ್ಲಿ ಬರೆದು ಬಿಇಒ ಅವರಿಗೆ ಕೊಡಿ. "ಅಂತಾರಾಷ್ಟ್ರೀಯ ಯೋಜನೆ" ಎಂದು ದೊಡ್ಡ ಹೆಸರಿಟ್ಟರೆ ಕಡತ ಮೇಲಿನಿಂದ ಮೇಲಕ್ಕೆ ಹೋಗುತ್ತಲೇ ಇರುತ್ತದೆ. "ಏಳನೇ ತರಗತಿ ವಿಜ್ಞಾನ ಮತ್ತು ಸಮಾಜ ಪಾಠಕ್ಕೆ ಪೂರಕ ಚಟುವಟಿಕೆ" ಎಂದು ಬರೆಯಿರಿ. ಅದು ಇರುವುದೂ ಹಾಗೆಯೇ.

ಪೋಷಕರ ಒಪ್ಪಿಗೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕೆಂದು ಆ ಕಾಯ್ದೆ ಹೇಳುತ್ತದೆ. ಕೀನ್ಯಾದಲ್ಲೂ 2019ರಿಂದ ಇಂಥದೇ ಕಾಯ್ದೆ ಇದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಪುಟ ತುಂಬ ಕಾನೂನಿನ ಮಾತು ಬೇಡ. ಹೀಗೆ ಬರೆಯಬಹುದು:

"ನಮ್ಮ ಶಾಲೆ ನೇಪಾಳದ ಒಂದು ಶಾಲೆಯ ಜೊತೆ ಪಾಠಕ್ಕೆ ಸಂಬಂಧಿಸಿದ ಬರಹ, ಚಿತ್ರ, ಧ್ವನಿಯನ್ನು ಇಂಟರ್ನೆಟ್ ಮೂಲಕ ಹಂಚಿಕೊಳ್ಳಲಿದೆ. ನಿಮ್ಮ ಮಗುವಿನ ಹೆಸರಿನ ಮೊದಲ ಭಾಗ ಮಾತ್ರ ಬಳಸುತ್ತೇವೆ. ವಿಳಾಸ, ಫೋನ್ ನಂಬರ್ ಕೊಡುವುದಿಲ್ಲ. ಫೋಟೊದಲ್ಲಿ ಮಗುವಿನ ಮುಖ ಬರಬಹುದೇ? ಹೌದು / ಬೇಡ. ಮಗುವಿನ ಧ್ವನಿ ಕಳುಹಿಸಬಹುದೇ? ಹೌದು / ಬೇಡ. ನೀವು ಯಾವಾಗ ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು."

ಸಹಿ ಹಾಕಿಸಿಕೊಳ್ಳುವ ಮೊದಲು ಓದಿ ಹೇಳಿ. "ಬೇಡ" ಅಂದವರ ಮಗುವನ್ನು ಚಟುವಟಿಕೆಯಿಂದ ಹೊರಗಿಡಬೇಡಿ. ಆ ಮಗು ಚಿತ್ರ ಬಿಡಿಸಬಹುದು, ಅಳತೆ ತೆಗೆಯಬಹುದು, ಫೋಟೊ ತೆಗೆಯುವ ಕೆಲಸವನ್ನೇ ಮಾಡಬಹುದು.

ಹಣದ ವಿಷಯದಲ್ಲೂ ಎಚ್ಚರ. ಹೊರದೇಶದವರು ಲ್ಯಾಪ್‌ಟಾಪ್ ಕಳುಹಿಸುತ್ತೇವೆ, ಹಣ ಹಾಕುತ್ತೇವೆ ಅಂದರೆ ಒಪ್ಪಿಕೊಳ್ಳಬೇಡಿ. ವಿದೇಶಿ ದೇಣಿಗೆ ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯ ನಿಯಮಗಳಿವೆ, ಶಿಕ್ಷಕರೊಬ್ಬರ ಖಾತೆಗೆ ಹಣ ಬಂದರೆ ತೊಂದರೆ ಆಗುವುದು ಅವರಿಗೇ. "ನಮಗೆ ಬೇಕಾದದ್ದು ನಿಮ್ಮ ಮಕ್ಕಳ ಪತ್ರ" ಎಂದು ಮೊದಲ ಪತ್ರದಲ್ಲೇ ಬರೆದುಬಿಡಿ.

ಹಂತ 3: ಜೊತೆಶಾಲೆ ಹುಡುಕಿ

1988ರಲ್ಲಿ ಶುರುವಾದ ಐ-ಅರ್ನ್ ಎಂಬ ಜಾಲವಿದೆ. ಬೇರೆ ಬೇರೆ ದೇಶಗಳ ಶಿಕ್ಷಕರು ಅಲ್ಲಿ ಸೇರಿ ಒಂದೇ ವಿಷಯದ ಮೇಲೆ ತಮ್ಮ ಮಕ್ಕಳಿಂದ ಕೆಲಸ ಮಾಡಿಸುತ್ತಾರೆ. ಮೊದಲ ಸಲ ಹುಡುಕುವವರಿಗೆ ಅದು ಒಳ್ಳೆಯ ಬಾಗಿಲು. ಇನ್ನೊಂದು ದಾರಿ ನಿಮ್ಮೂರಿನವರೇ. ಕೀನ್ಯಾದಲ್ಲೋ ತಾಂಜಾನಿಯಾದಲ್ಲೋ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿ ಇದ್ದರೆ ಅವರ ಮನೆ ಹತ್ತಿರದ ಶಾಲೆಗೆ ಒಮ್ಮೆ ಹೋಗಿ ಬರಲು ಕೇಳಿ. ಎದುರು ಕೂತು ಮಾತಾಡಿದವರ ಪರಿಚಯದಿಂದ ಬಂದ ಶಾಲೆ ಮಧ್ಯದಲ್ಲಿ ಕೈಬಿಡುವುದು ಕಡಿಮೆ.

ಬೆಂಗಳೂರಿನ ಸರ್ಕಾರಿ ಶಾಲೆಗಳವರಿಗೆ ಒಂದು ಮಾತು. ನಿಮ್ಮ ತರಗತಿಯಲ್ಲೇ ನೇಪಾಳದಿಂದ ಬಂದ ಕುಟುಂಬದ ಮಕ್ಕಳು ಇರಬಹುದು. ಅವರಿಗೆ ಎರಡೂ ಕಡೆಯ ಭಾಷೆ ಗೊತ್ತು. ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರುವ ಆ ಮಗುವಿಗೆ ಇಡೀ ತರಗತಿಗೆ ಪತ್ರ ಓದಿ ಹೇಳುವ ಕೆಲಸ ಸಿಗುತ್ತದೆ. ಇದೊಂದಕ್ಕಾಗಿಯೇ ನೇಪಾಳದ ಶಾಲೆ ಆರಿಸಿಕೊಂಡರೂ ತಪ್ಪಿಲ್ಲ.

ಹಳೆಯ ಲೇಖನಗಳನ್ನು ಓದಿ ಸ್ಕೈಪ್ ಮೂಲಕ ಜೊತೆಶಾಲೆ ಹುಡುಕಲು ಹೋಗಬೇಡಿ. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಯಾವ ಆ್ಯಪ್ ಯಾವಾಗ ನಿಲ್ಲುತ್ತದೋ ಹೇಳಲಾಗದು, ಆದ್ದರಿಂದ ಎರಡು ಶಾಲೆಗಳ ನಡುವಿನ ಸಂಪರ್ಕ ಇಮೇಲ್ ಮೇಲೆ ನಿಂತಿರಲಿ, ಆ್ಯಪ್‌ಗಳು ಬಂದು ಹೋಗಲಿ. ಆ ಇಮೇಲ್ ಖಾತೆ ಶಾಲೆಯ ಹೆಸರಿನಲ್ಲಿರಬೇಕು, ನಿಮ್ಮ ಸ್ವಂತದ್ದು ಬೇಡ. ಕಾರಣ ಕೊನೆಯ ಹಂತದಲ್ಲಿ ಹೇಳುತ್ತೇನೆ.

ಒಂದೇ ಶಾಲೆ ಸಾಕು. ಐದು ದೇಶಗಳ ಜೊತೆ ಏಕಕಾಲಕ್ಕೆ ಶುರು ಮಾಡಿದರೆ ಐದಕ್ಕೂ ಉತ್ತರ ಬರೆಯಲು ನಿಮಗೆ ಬಿಡುವಾಗುವುದಿಲ್ಲ.

ಹಂತ 4: ಮೊದಲು ಶಿಕ್ಷಕರಿಬ್ಬರು ಗೆಳೆಯರಾಗಿ

ಮಕ್ಕಳನ್ನು ಸೇರಿಸುವ ಮುಂಚೆ ಒಂದು ತಿಂಗಳಾದರೂ ಆ ಕಡೆಯ ಶಿಕ್ಷಕರ ಜೊತೆ ನೀವು ಮಾತಾಡಿಕೊಂಡಿರಿ. ಅವರ ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ಭಾಷೆಯಲ್ಲಿ ಪಾಠ, ಫೋನ್ ಯಾರದು, ಡೇಟಾ ಪ್ಯಾಕಿಗೆ ಯಾರ ಜೇಬಿನಿಂದ ಹಣ ಹೋಗುತ್ತದೆ, ಇದೆಲ್ಲ ಕೇಳಿ ತಿಳಿಯಿರಿ. ನಮ್ಮಲ್ಲಿ ಡೇಟಾ ಅಗ್ಗ. ಎಲ್ಲ ದೇಶದಲ್ಲೂ ಹಾಗಿಲ್ಲ. ನೀವು ಸುಮ್ಮನೆ ಕಳುಹಿಸಿದ ದೊಡ್ಡ ವಿಡಿಯೊ ಇಳಿಸಿಕೊಳ್ಳಲು ಅವರಿಗೆ ಒಂದು ದಿನದ ಪ್ಯಾಕ್ ಖರ್ಚಾಗಬಹುದು. ಅವರು ಮುಜುಗರದಿಂದ ಹೇಳದೆಯೂ ಇರಬಹುದು. ನೀವೇ ಕೇಳಿ.

ಆಮೇಲೆ ಇಬ್ಬರೂ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಅತಿ ಹೆಚ್ಚು ಜೋಡಿಗಳು ಕಡಿದುಹೋಗುವುದು ಇಲ್ಲೇ.

ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ, ಹಾಗಾಗಿ ಸಮಯದ ತೊಡಕಿಲ್ಲ. ಆದರೆ ಅಲ್ಲಿ ವಾರದ ರಜೆ ಶನಿವಾರ. ನಾವು ಶನಿವಾರ ಬೆಳಗಿನ ಶಾಲೆ, ಬಿಡುವಾಗಿ ಚಟುವಟಿಕೆ ಮಾಡೋಣ ಅಂದುಕೊಳ್ಳುತ್ತೇವೆ, ಆ ಕಡೆ ಬಾಗಿಲು ಹಾಕಿರುತ್ತದೆ. ಅಲ್ಲಿ ಶುಕ್ರವಾರ ಬೇಗ ಬಿಡುವುದೂ ರೂಢಿ. ಸೋಮವಾರದಿಂದ ಗುರುವಾರದವರೆಗೆ ಯಾವುದಾದರೂ ದಿನ ಇಟ್ಟುಕೊಳ್ಳಿ. ಅವರ ದಶೈಂ ರಜೆ ನಮ್ಮ ದಸರಾ ರಜೆಯ ಹೊತ್ತಿಗೇ ಬರುವುದು ಅನುಕೂಲ. ತಾರೀಖಿನ ಬಗ್ಗೆ ಮಾತ್ರ ಹುಷಾರು. ಅಲ್ಲಿ ದಿನಬಳಕೆಯಲ್ಲಿರುವುದು ವಿಕ್ರಮ ಸಂವತ್, ಇಸವಿ ನಮ್ಮದಕ್ಕಿಂತ 56–57 ವರ್ಷ ಮುಂದೆ ಇರುತ್ತದೆ, ತಿಂಗಳುಗಳೂ ಬೇರೆ. ಪ್ರತಿ ಪತ್ರದಲ್ಲೂ ಜನವರಿ, ಫೆಬ್ರವರಿ ಎಂದೇ ಬರೆಯಲು ಇಬ್ಬರೂ ಒಪ್ಪಿಕೊಳ್ಳಿ.

ಕೀನ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರ ಬೆಳಿಗ್ಗೆ 9 ನಮ್ಮ 11.30. ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಸೂರ್ಯೋದಯದಿಂದ ಎಣಿಸುವುದೂ ಉಂಟು, ಆ ಲೆಕ್ಕದಲ್ಲಿ ಬೆಳಿಗ್ಗೆ 9 ಎಂದರೆ ಮೂರನೇ ಗಂಟೆ. ಆದ್ದರಿಂದ ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ, ಎರಡೂ ದೇಶದ ಸಮಯ ಅಕ್ಕಪಕ್ಕ ಬರೆಯಿರಿ. ಅಲ್ಲಿ ಶಾಲಾ ವರ್ಷ ಜನವರಿಯಲ್ಲಿ ಶುರುವಾಗಿ ಮೂರು ಅವಧಿಗಳಲ್ಲಿ ನಡೆಯುತ್ತದೆ, ಏಪ್ರಿಲ್, ಆಗಸ್ಟ್ ಮತ್ತು ವರ್ಷದ ಕೊನೆಗೆ ರಜೆ. ನಮ್ಮ ಬೇಸಿಗೆ ರಜೆ, ದಸರಾ ರಜೆ ಕಳೆದರೆ ಇಬ್ಬರಿಗೂ ಒಟ್ಟಿಗೆ ಸಿಗುವುದು ಜೂನ್–ಜುಲೈ, ಸೆಪ್ಟೆಂಬರ್ ಮತ್ತು ಜನವರಿಯಿಂದ ಮಾರ್ಚ್. ಮಾರ್ಚ್ ನಮಗೆ ಪರೀಕ್ಷೆಯ ಕಾಲ, ಅದನ್ನೂ ಬಿಡಿ.

ಹಂತ 5: ಒಂದೇ ವಿಷಯ ಆರಿಸಿ, ಅದು ಮಕ್ಕಳ ಕೈಗೆ ಸಿಗುವಂಥದಾಗಿರಲಿ

"ನಮ್ಮ ಸಂಸ್ಕೃತಿ", "ನಮ್ಮ ಹಬ್ಬಗಳು" ಎಂಬ ವಿಷಯ ಬೇಡ. ಎರಡೂ ಕಡೆಯವರು ಪುಸ್ತಕದಿಂದ ನಾಲ್ಕು ಸಾಲು ನಕಲು ಮಾಡಿ ಕಳುಹಿಸುತ್ತಾರೆ, ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ಒಂದು ಮಗು ಹೋಗಿ ನೋಡಿ, ಮುಟ್ಟಿ, ಅಳೆದು ಬರಬಹುದಾದ ವಿಷಯ ಬೇಕು. ನನಗೆ ಎಲ್ಲಕ್ಕಿಂತ ಹಿಡಿಸಿದ ಎರಡನ್ನು ವಿವರವಾಗಿ ಹೇಳುತ್ತೇನೆ.

ಮೊದಲನೆಯದು ರಾಗಿ. ರಾಗಿ ಮೊದಲು ಬೆಳೆಗೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಅಲ್ಲಿಂದ ನಮ್ಮಲ್ಲಿಗೆ ಬಂದು ಸಾವಿರಾರು ವರ್ಷಗಳಾಗಿವೆ. ಭಾರತದಲ್ಲಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ಪಶ್ಚಿಮ ಕೀನ್ಯಾದಲ್ಲಿ ಇದನ್ನು ವಿಂಬಿ ಎಂದು ಕರೆಯುತ್ತಾರೆ, ಹಿಟ್ಟಿನಿಂದ ಉಜಿ ಎಂಬ ಗಂಜಿ ಕಾಯಿಸುತ್ತಾರೆ. ನೇಪಾಳದ ಬೆಟ್ಟಗಳಲ್ಲಿ ಇದು ಕೋದೋ, ಅಲ್ಲಿ ಢಿಂಡೋ ಮಾಡಿ ಉಣ್ಣುತ್ತಾರೆ, ಅದು ನಮ್ಮ ಮುದ್ದೆಗೆ ಬಹಳ ಹತ್ತಿರ. ಮೂರು ದೇಶದ ಮಕ್ಕಳ ಅಜ್ಜಿಯರೂ ಈ ಕಾಳನ್ನು ಬಲ್ಲವರು.

ಮಕ್ಕಳಿಗೆ ಪ್ರಶ್ನೆ ಕೊಡಿ. ಬಿತ್ತುವುದು ಯಾವ ಮಳೆಗೆ? ಕೂರಿಗೆಯಲ್ಲೋ, ಚೆಲ್ಲಿಯೋ, ಪೈರು ಕಿತ್ತು ನಾಟಿ ಮಾಡಿಯೋ? ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಏನೇನು ಹಾಕುತ್ತೀರಿ? ಒಕ್ಕಣೆ ಎಲ್ಲಿ? ತೆನೆ ಮುಷ್ಟಿ ಕಟ್ಟಿದ ಹಾಗಿದೆಯೋ, ಬೆರಳು ಬಿಚ್ಚಿದ ಹಾಗಿದೆಯೋ? ಒಂದು ತೆನೆಯಲ್ಲಿ ಎಷ್ಟು ಬೆರಳು? ನಮ್ಮ ಮಗು ಅವರೆ, ತೊಗರಿ, ಹುಚ್ಚೆಳ್ಳಿನ ಸಾಲಿನ ಫೋಟೊ ಕಳುಹಿಸುತ್ತದೆ. ನೇಪಾಳದ ಬೆಟ್ಟದ ಮಗು ನಿಂತ ಮೆಕ್ಕೆಜೋಳದ ನಡುವೆ ರಾಗಿ ಪೈರು ನೆಡುವುದನ್ನು ಕಳುಹಿಸುತ್ತದೆ. "ಅಲ್ಲಿ ಯಾಕೆ ಹಾಗೆ?" ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಇಳಿಜಾರು, ಮಳೆ, ಹೊಲದ ಅಳತೆ ಎಲ್ಲ ಒಂದೊಂದಾಗಿ ಪಾಠಕ್ಕೆ ಬರುತ್ತವೆ. ಅಜ್ಜಿಯೊಬ್ಬರು ಬೀಸುವ ಪದ ಹಾಡಿದರೆ ಒಂದು ನಿಮಿಷ ರೆಕಾರ್ಡ್ ಮಾಡಿ ಕಳುಹಿಸಿ. ಆ ಕಡೆಯಿಂದಲೂ ಹಾಡು ಬರುತ್ತದೆ.

ಎರಡನೆಯದು ನೆರಳು. ಎರಡೂ ಶಾಲೆಯವರು ಒಂದೇ ದಿನ 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, 12 ಗಂಟೆಗೆ ಸ್ವಲ್ಪ ಮುಂಚಿನಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತ ಹೋಗಬೇಕು. ಅತಿ ಗಿಡ್ಡ ನೆರಳು ಎಷ್ಟು ಉದ್ದ ಎಂಬುದೊಂದೇ ಬೇಕಾದ ಅಂಕಿ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಅದು ಮೈಸೂರಿನಲ್ಲಿ ಸುಮಾರು 50 ಸೆಂ.ಮೀ., ಪೋಖರಾದಲ್ಲಿ ಸುಮಾರು 92 ಸೆಂ.ಮೀ. ಇರುತ್ತದೆ. ಕೋಲು ಮತ್ತು ನೆರಳನ್ನು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದು, ಎರಡರ ತುದಿಗಳನ್ನು ಗೆರೆಯಿಂದ ಸೇರಿಸಿ, ಕೋಲಿನ ತುದಿಯಲ್ಲಿ ಕೋನಮಾಪಕ ಇಟ್ಟರೆ ಸೂರ್ಯನ ಕೋನ ಸಿಗುತ್ತದೆ: ಇಲ್ಲಿ ಸುಮಾರು 26.7 ಡಿಗ್ರಿ, ಅಲ್ಲಿ ಸುಮಾರು 42.6. ವ್ಯತ್ಯಾಸ 15.9. ನಕ್ಷೆಯಲ್ಲಿ ಎರಡು ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 1,770 ಕಿ.ಮೀ. ಓರೆಯಾಗಿ ಅಳೆಯಬೇಡಿ, ನೇರ ಉತ್ತರಕ್ಕೆ ಎಷ್ಟು ಎಂದು ನೋಡಿ. 15.9 ಡಿಗ್ರಿಗೆ 1,770 ಆದರೆ 360 ಡಿಗ್ರಿಗೆ ಎಷ್ಟು? ಹತ್ತಿರಹತ್ತಿರ 40,000 ಕಿ.ಮೀ. ಅದು ಭೂಮಿಯ ಸುತ್ತಳತೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೂ ಇದೇ ಬಗೆಯದು.

ಇದಕ್ಕೆ ಇಂಟರ್ನೆಟ್ಟಿನಲ್ಲಿ ಹೋಗಬೇಕಾದದ್ದು ಒಂದು ಅಂಕಿ, ಬರಬೇಕಾದದ್ದು ಒಂದು ಅಂಕಿ. ಅತಿ ನಿಧಾನದ ನೆಟ್‌ವರ್ಕಿನಲ್ಲೂ ಹೋಗುತ್ತದೆ. ಆದರೆ ಎರಡು ದೇಶದ ಮಕ್ಕಳು ಸೇರದೆ ಈ ಲೆಕ್ಕ ಆಗುವುದೇ ಇಲ್ಲ. ಮೋಡ ಕವಿಯಬಹುದು, ಮೂರು ದಿನ ಗೊತ್ತುಮಾಡಿಕೊಂಡು ಮೂರೂ ದಿನ ಅಳೆಯಿರಿ. ಮಕ್ಕಳ ಉತ್ತರ 38,000 ಬಂದರೂ 43,000 ಬಂದರೂ ತಿದ್ದಿ 40,000 ಮಾಡಬೇಡಿ. ಕೋಲು ವಾಲಿತ್ತೇ, ನೆಲ ಸಮ ಇತ್ತೇ ಎಂದು ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ.

ಹಂತ 6: ಕಟ್ಟು ಕಟ್ಟುವುದು

ಎರಡು ವಾರಕ್ಕೊಮ್ಮೆ ಒಂದು ಕಟ್ಟು ಕಳುಹಿಸಿ: ಹತ್ತು ಫೋಟೊ, ಐದು ಧ್ವನಿ ತುಣುಕು, ಎರಡು ಪುಟ ಬರಹ, ಕೊನೆಯಲ್ಲಿ ಮೂರು ಪ್ರಶ್ನೆ. ಪ್ರಶ್ನೆ ಇಲ್ಲದೆ ಕಟ್ಟು ಕಳುಹಿಸಲೇಬೇಡಿ. ಮುಂದಿನ ಕಟ್ಟು ಬರುವುದು ಪ್ರಶ್ನೆಯಿಂದ.

ಗಾತ್ರ ನೋಡಿಕೊಳ್ಳಿ. ಫೋನಿನಲ್ಲಿ ತೆಗೆದ ಒಂದು ಫೋಟೊ 3–5 ಎಂಬಿ ಇರುತ್ತದೆ. ಅಗಲವನ್ನು 1280 ಪಿಕ್ಸೆಲ್‌ಗೆ ಇಳಿಸಿದರೆ 300 ಕೆಬಿ ಆಸುಪಾಸಿಗೆ ಬರುತ್ತದೆ, ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ತೋರಿಸಲು ಅಷ್ಟು ಧಾರಾಳ. ವಾಟ್ಸ್ಆ್ಯಪ್‌ನ ಒಂದು ನಿಮಿಷದ ಧ್ವನಿ ಸಂದೇಶ ಕಾಲು ಎಂಬಿಯನ್ನೂ ದಾಟುವುದಿಲ್ಲ. ಅದೇ ಫೋನಿನಲ್ಲಿ ಒಂದು ನಿಮಿಷ ಫುಲ್ ಎಚ್‌ಡಿ ವಿಡಿಯೊ ತೆಗೆದರೆ 100 ಎಂಬಿ ಆಗಿಬಿಡುತ್ತದೆ. ಇಡೀ ಕಟ್ಟು 5 ಎಂಬಿಯೊಳಗೆ ಮುಗಿಯಬೇಕು ಎಂದು ನಿಯಮ ಮಾಡಿಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮುಖ್ಯ ಎಚ್ಚರಿಕೆ. ನಮ್ಮ ಶಾಲೆ, ಕಚೇರಿಗಳಲ್ಲಿ ಇನ್ನೂ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವ ರೂಢಿಯಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಅನುವಾದದ ಆ್ಯಪ್‌ಗೂ ಅದು ಕನ್ನಡವೆಂದು ಗೊತ್ತಾಗುವುದಿಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಯೂನಿಕೋಡ್ ಅಂದರೆ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿಕೊಂಡ ಅಕ್ಷರ ಸಂಕೇತ. ಪರೀಕ್ಷೆ ಸುಲಭ: ಬರೆದದ್ದನ್ನು ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ, ಕನ್ನಡವಾಗಿಯೇ ಕಂಡರೆ ಯೂನಿಕೋಡ್.

ಇಂಗ್ಲಿಷ್ ಬಾರದ ಮಕ್ಕಳು ಕನ್ನಡದಲ್ಲೇ ಬರೆಯಲಿ, ತಮ್ಮ ಕೈಬರಹದಲ್ಲೇ. ಅದರ ಫೋಟೊ ತೆಗೆದು, ಕೆಳಗೆ ನೀವು ಸರಳ ಇಂಗ್ಲಿಷಿನಲ್ಲಿ ಸಾರಾಂಶ ಬರೆಯಿರಿ. ಗೂಗಲ್ ಟ್ರಾನ್ಸ್‌ಲೇಟ್ ಕನ್ನಡ, ನೇಪಾಳಿ, ಸ್ವಾಹಿಲಿ ಮೂರನ್ನೂ ಮಾಡುತ್ತದೆ. ಆದರೆ ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿ ನೋಡದೆ ಕಳುಹಿಸಬೇಡಿ. ಚಿಕ್ಕ ಚಿಕ್ಕ ವಾಕ್ಯ ಕೊಟ್ಟರೆ ಅದು ಎಡವುವುದು ಕಡಿಮೆ.

ಫೋನಿನ ಕ್ಯಾಮೆರಾದಲ್ಲಿ ಸ್ಥಳ ಗುರುತು ಹಾಕುವ ಆಯ್ಕೆಯನ್ನು ಆಫ್ ಮಾಡಿ. ಇಲ್ಲದಿದ್ದರೆ ಫೋಟೊದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ಮಗುವಿನ ಮನೆಯಂಗಳದಲ್ಲಿ ತೆಗೆದ ಫೋಟೊ ಆದರೆ ಮನೆಯ ವಿಳಾಸವನ್ನೇ ಕೊಟ್ಟ ಹಾಗೆ. ವಾಟ್ಸ್ಆ್ಯಪ್ ಗುಂಪು ಮಾಡಿದರೆ ಶಿಕ್ಷಕರು ಮಾತ್ರ ಇರಲಿ. ಮಕ್ಕಳದ್ದಾಗಲಿ ಪೋಷಕರದ್ದಾಗಲಿ ನಂಬರ್ ಸೇರಿಸಬೇಡಿ. "ನನ್ನ ನಂಬರ್ ಕೊಡ್ತೀನಿ ಸರ್, ನಾವೇ ಮಾತಾಡ್ಕೋತೀವಿ" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ, ಯಾಕೆ ಎಂದೂ ಹೇಳಿ.

ಹಂತ 7: ಈಗ ವಿಡಿಯೊ ಕರೆ

ಮೂರು ನಾಲ್ಕು ಕಟ್ಟು ಹೋಗಿ ಬಂದಮೇಲೆ ಮಕ್ಕಳಿಗೆ ಆ ಕಡೆಯವರ ಹೆಸರು, ಹೊಲ, ನೆರಳಿನ ಅಳತೆ ಎಲ್ಲ ಗೊತ್ತಿರುತ್ತದೆ. ಆಗ ಮಾತಾಡಲು ವಿಷಯ ಇರುತ್ತದೆ. ಕರೆ ಅರ್ಧ ಗಂಟೆ ಸಾಕು. ಜೂಮ್‌ನ ಉಚಿತ ಕರೆ 40 ನಿಮಿಷಕ್ಕೆ ಕಡಿಯುತ್ತದೆ, ಗೂಗಲ್ ಮೀಟ್‌ನಲ್ಲಿ ಗುಂಪಿನ ಉಚಿತ ಕರೆಗೆ 60 ನಿಮಿಷ. ಜಿಟ್ಸಿ ಮೀಟ್ ಎಂಬ ಮುಕ್ತ ತಂತ್ರಾಂಶವೂ ಇದೆ. ಸೆಟ್ಟಿಂಗ್‌ನಲ್ಲಿ ಚಿತ್ರದ ಗುಣಮಟ್ಟವನ್ನು ಕೆಳಗಿಳಿಸಿ. ಒಂದು ಗಂಟೆಯ ಸಾಧಾರಣ ವಿಡಿಯೊ ಕರೆಗೆ ಸುಮಾರು 1 ಜಿಬಿ ಡೇಟಾ ಬೇಕೆಂದು ಲೆಕ್ಕ ಇಟ್ಟುಕೊಳ್ಳಿ, ಆ ಕಡೆಯವರಿಗೂ ಹೇಳಿ.

ಕರೆ ಕೆಡುವುದು ಬಹುಪಾಲು ಧ್ವನಿಯಿಂದ. ತಗಡಿನ ಚಾವಣಿಯ ಕೋಣೆಯಲ್ಲಿ ಮಳೆ ಬಂದರೆ ಏನೂ ಕೇಳಿಸದು, ದೊಡ್ಡ ಹಾಲ್‌ನಲ್ಲಿ ಮಾತು ಮೊಳಗುತ್ತದೆ. ಚಿಕ್ಕ ಕೋಣೆ ಆರಿಸಿ. ಟಿವಿಗೆ ಕೇಬಲ್ ಹಾಕಿ ಚಿತ್ರ ತೋರಿಸಿ, ಆದರೆ ಮಾತಾಡುವ ಮಗು ಫೋನಿನ ಹತ್ತಿರವೇ ಬಂದು ಕೂರಲಿ. ಮಾತಾಡದೆ ಇದ್ದಾಗ ಮೈಕ್ ಆಫ್. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ, ಎದುರು ತಿರುಗಿಸಿ ಕೂರಿಸಿ. ಹಿಂದಿನ ದಿನ ಶಿಕ್ಷಕರಿಬ್ಬರೇ ಅದೇ ಕೋಣೆಯಿಂದ ಅದೇ ಹೊತ್ತಿಗೆ ಹತ್ತು ನಿಮಿಷ ಕರೆ ಮಾಡಿ ನೋಡಿ. ಊರಿನ ಲೈನ್‌ಮ್ಯಾನ್‌ಗೆ ಒಂದು ಫೋನ್ ಮಾಡಿ ಆ ಹೊತ್ತಿಗೆ ಕರೆಂಟ್ ತೆಗೆಯುವ ಕೆಲಸ ಇದೆಯೇ ಎಂದು ಕೇಳಿಕೊಳ್ಳಿ.

ಇನ್ನೊಂದು ಉಪಾಯ ಎಲ್ಲರಿಗೂ ಹೇಳುತ್ತೇನೆ. ಪ್ರಶ್ನೆಗಳನ್ನು ವಾರದ ಮುಂಚೆಯೇ ವಿನಿಮಯ ಮಾಡಿಕೊಂಡು, ಉತ್ತರಗಳನ್ನು ಮಕ್ಕಳ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಹಿಂದಿನ ದಿನವೇ ಕಳುಹಿಸಿಬಿಡಿ. ಕರೆ ಚೆನ್ನಾಗಿ ನಡೆದರೆ ಸರಿ. ಮಧ್ಯದಲ್ಲಿ ಕಡಿದುಹೋದರೆ ರೆಕಾರ್ಡ್ ಹಾಕಿ ಕೇಳಿಸಿ. ಒಂದು ತಿಂಗಳಿಂದ ಕಾದ ಮಕ್ಕಳು ಬರಿಗೈಯಲ್ಲಿ ಮನೆಗೆ ಹೋಗಬಾರದು.

ಕರೆಯನ್ನು ರೆಕಾರ್ಡ್ ಮಾಡಿ ಫೇಸ್‌ಬುಕ್, ಯೂಟ್ಯೂಬಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಬೇಡಿ. ಪೋಷಕರು ಒಪ್ಪಿದ್ದು ಜೊತೆಶಾಲೆಗೆ ತೋರಿಸಲು, ಊರಿಗೆಲ್ಲ ತೋರಿಸಲು ಅಲ್ಲ. ಆ ಕಡೆಯ ಮಕ್ಕಳ ಪೋಷಕರನ್ನಂತೂ ನೀವು ಕೇಳಿಯೇ ಇಲ್ಲ.

ಹಂತ 8: ನಿಮಗೆ ವರ್ಗಾವಣೆಯಾದರೆ?

ಯಾವ ಶಾಲೆಯಲ್ಲೂ ಶಿಕ್ಷಕರು ಶಾಶ್ವತ ಅಲ್ಲ. ಸಂಪರ್ಕ ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ನಿಮ್ಮ ಜೊತೆಗೇ ಹೋಗಿಬಿಡುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಇನ್ನೊಬ್ಬ ಶಿಕ್ಷಕರನ್ನು ಜೊತೆಗಿಟ್ಟುಕೊಳ್ಳಿ, ಎಲ್ಲ ಪತ್ರಗಳಿಗೂ ಅವರ ಹೆಸರೂ ಇರಲಿ. ಶಾಲೆಯ ಇಮೇಲ್ ಖಾತೆಯ ಪಾಸ್‌ವರ್ಡ್ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಮುಚ್ಚಿದ ಲಕೋಟೆಯಲ್ಲಿರಲಿ. ಖಾತೆ ಮರಳಿ ಪಡೆಯಲು ಕೊಡುವ ಫೋನ್ ನಂಬರ್ ನಿಮ್ಮದಾಗಿದ್ದರೆ, ಶಾಲೆ ಬಿಡುವ ದಿನ ಅದನ್ನು ಬದಲಿಸಿ.

ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನು ಹೋಯಿತು, ಏನು ಬಂತು, ಆ ಕಡೆಯವರು ಕೇಳಿದ ಯಾವ ಪ್ರಶ್ನೆಗೆ ಇನ್ನೂ ಉತ್ತರ ಹೋಗಿಲ್ಲ. ಬಂದ ಫೋಟೊ, ಧ್ವನಿಗಳನ್ನು ಪೆನ್‌ಡ್ರೈವ್‌ಗೂ ಹಾಕಿ, ಫೋನ್ ಬಿದ್ದು ಒಡೆದರೆ ಮಕ್ಕಳ ಕೆಲಸವೆಲ್ಲ ಹೋಗದಿರಲಿ. ವರ್ಷದ ಕೊನೆಗೆ ಏಳನೇ ತರಗತಿ ಮುಗಿಸಿ ಹೋಗುವ ಮಕ್ಕಳಿಂದ ಆರನೇ ತರಗತಿಯವರಿಗೆ ಆ ನೋಟ್‌ಬುಕ್ ಓದಿಸಿ. ಜೂನ್‌ನಲ್ಲಿ ಶಾಲೆ ತೆರೆದಾಗ ಮೊದಲ ಪತ್ರ ಬರೆಯುವವರು ಅವರೇ. ಆ ಹೊತ್ತಿಗೆ ನೇಪಾಳದಲ್ಲಿ ಹೊಸ ಶಾಲಾ ವರ್ಷ ಶುರುವಾಗಿ ಒಂದೂವರೆ ತಿಂಗಳಾಗಿರುತ್ತದೆ, ಕೀನ್ಯಾದಲ್ಲಿ ಎರಡನೇ ಅವಧಿ ನಡೆಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ರಜೆ ಕೊಡುವ ಮುಂಚೆಯೇ ಆ ಕಡೆಯ ಶಿಕ್ಷಕರಿಗೆ ಜೂನ್ ಮೊದಲ ವಾರದ ದಿನ ತಿಳಿಸಿಟ್ಟಿರಿ.